ಅಪ್ಪಯ್ಯನ ಮಳೆ ಪುಸ್ತಕ ಮತ್ತು ಜಾವಾಸ್ಕ್ರಿಪ್ಟ್ ಅರೇ

ವೆಬ್ ಪೇಜಿನ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಅರೇ, ಅಂದರೆ ಬೆಲೆಗಳನ್ನು ಸಾಲಾಗಿ ಇಡುವ ಪಟ್ಟಿ, ಕಲಿಸುವವರು ಸಾಮಾನ್ಯವಾಗಿ ಸೇಬು, ಬಾಳೆ, ಮಾವು ಅಂತ ಮೂರು ಹಣ್ಣಿನ ಪಟ್ಟಿ ಹಿಡಿದು ಶುರು ಮಾಡುತ್ತಾರೆ. ಆ ಪಟ್ಟಿಯ ಮೇಲೆ ಏನು ಮಾಡಿದರೂ ತಪ್ಪಾಗುವುದಿಲ್ಲ. ಅದಕ್ಕೇ ಅದರಿಂದ ಜಾಸ್ತಿ ಕಲಿಯಲಿಕ್ಕೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಪಟ್ಟಿ ಒಂದಿದೆ. ಅಪ್ಪಯ್ಯನ ಮಳೆ ಪುಸ್ತಕ.

ಊರು ಹೊಸನಗರ ತಾಲ್ಲೂಕು, ನಗರ ಅನ್ನುವ ಊರಿನ ಕಡೆ. ಮಳೆಗಾಲದಲ್ಲಿ ಇಲ್ಲಿ ಇಬ್ಬರು ಸಿಕ್ಕಿದರೆ ಮೊದಲು ಕೇಳುವ ಮಾತು "ನಿಮ್ಮಲ್ಲಿ ಎಷ್ಟು ಬಂತು?" ಅಂತ. ಅಪ್ಪಯ್ಯ ಅಂಗಳದ ಮಳೆ ಮಾಪಕ ನೋಡಿ ಬೆಳಿಗ್ಗೆ ಎಂಟೂವರೆಗೆ ಬರೆಯುತ್ತಾರೆ. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನವೂ ಬೆಳಿಗ್ಗೆ 8:30ಕ್ಕೇ ಮುಗಿಯುವುದು. ಹಿಂದಿನ 24 ಗಂಟೆಯಲ್ಲಿ ಬಿದ್ದಿದ್ದೆಲ್ಲ ಅವತ್ತಿನ ತಾರೀಖಿಗೆ ಸೇರುತ್ತದೆ. ಹಳೆಯ ಪುಟಗಳು ಇಂಚು, ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿವೆ, ಕಾಫಿ ತೋಟದವರು ಬರೆಯುವ ಹಾಗೆ. ಮಧ್ಯದ ಕೆಲವು ವರ್ಷ ಕನ್ನಡ ಅಂಕಿ. ಆಮೇಲೆ ಮಿಲಿಮೀಟರ್. ಕೆಲವು ದಿನದ ಎದುರು ಏನೂ ಇಲ್ಲ, ಪಕ್ಕದಲ್ಲಿ ಸಣ್ಣದಾಗಿ "ಸಾಗರಕ್ಕೆ ಮದುವೆ" ಅಂತ ಬರೆದಿರುತ್ತದೆ.

ಇದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ತಮ್ಮ (ಚಿಕ್ಕಪ್ಪನ ಮಗ), ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವವನು, ರಜೆಗೆ ಬಂದಿದ್ದ. ನಾನು ಟೈಪ್ ಮಾಡಿದೆ, ಅವನು ಪೇಜ್ ಮಾಡಿದ. ಅಲ್ಲಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಡಬ್ಬಿ) ಹೆಸರನ್ನು ಕನ್ನಡದಲ್ಲಿ ಇಡಬಹುದು. ಸುಮ್ನೆ ಹೇಳುತ್ತಿಲ್ಲ, ಬ್ರೌಸರಿನಲ್ಲಿ ಕೋಡ್ ಬರೆದು ನೋಡುವ ಕನ್ಸೋಲ್ ತೆರೆದು ನೋಡಿ. "ಮಳೆ" ಅಂತ ಹೆಸರಿಟ್ಟು ಅದರೊಳಗೆ ಅಂಕಿ ಹಾಕಿದರೆ ಗೊಣಗದೆ ಇಟ್ಟುಕೊಳ್ಳುತ್ತದೆ. ಆದರೆ ಅರೇಯ ಮೇಲೆ ಕೆಲಸ ಮಾಡುವ ಮೆಥಡ್‌ಗಳ ಹೆಸರು, ಮ್ಯಾಪ್, ಫಿಲ್ಟರ್, ಸಾರ್ಟ್ ಎಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಈ ಪೋಸ್ಟಿನಲ್ಲಿ ಮಾತ್ರ ಅವನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಓದಲಿಕ್ಕೆ ಹಿತ ಅಂತ.

ಒಂದು ತಿಂಗಳ ಮಳೆ ಅಂದರೆ ಇಷ್ಟೇ:

ಜುಲೈ = [86.4, 112, 0, 47.2, ...]

ಜುಲೈ[0] ಅಂದರೆ ಒಂದನೇ ತಾರೀಖು. ಆವರಣದೊಳಗಿನ ಸ್ಥಾನದ ಸಂಖ್ಯೆಗೆ ಇಂಡೆಕ್ಸ್ ಅನ್ನುತ್ತಾರೆ, ಅದರ ಎಣಿಕೆ ಸೊನ್ನೆಯಿಂದ. ಕೊನೆಯ ದಿನ ಬೇಕಾದರೆ ಜುಲೈ.ಅಟ್(-1). ಹೊಸ ದಿನ ಸೇರಿಸಲು ಪುಶ್, ಕೊನೆಯದನ್ನು ತೆಗೆಯಲು ಪಾಪ್, ಮೊದಲನೆಯದನ್ನು ತೆಗೆಯಲು ಶಿಫ್ಟ್, ಮೊದಲಿಗೆ ಸೇರಿಸಲು ಅನ್‌ಶಿಫ್ಟ್. ಇದರಲ್ಲಿ ಹೇಳುವಂಥದ್ದು ಏನಿಲ್ಲ. ಕಷ್ಟ ಇರುವುದು ಅಂಕಿ ಒಳಗೆ ಬರುವ ಬಾಗಿಲಲ್ಲಿ.

ಟೈಪ್ ಮಾಡಿದ ಫೈಲಿನಿಂದ ಓದಿದರೆ ಬರುವುದೆಲ್ಲ ಅಕ್ಷರ, ಸಂಖ್ಯೆ ಅಲ್ಲ. ಒಂದು ಅರೇಯ ಪ್ರತಿಯೊಂದನ್ನೂ ಬದಲಿಸಿ ಹೊಸ ಅರೇ ಮಾಡುವುದಕ್ಕೆ ಮ್ಯಾಪ್ ಇದೆ. ಅಕ್ಷರವನ್ನು ಪೂರ್ಣ ಸಂಖ್ಯೆ ಮಾಡುವುದಕ್ಕೆ ಪಾರ್ಸ್‌ಇಂಟ್ ಇದೆ. ಹಾಗಾಗಿ ಓದಿದ್ದರ ಅರೇಗೆ ಸಾಲು ಅಂತ ಹೆಸರಿಟ್ಟರೆ, ಎಲ್ಲರ ಕೈ ಮೊದಲು ಹೋಗುವುದು ಇಲ್ಲಿಗೆ:

ಸಾಲು.ಮ್ಯಾಪ್(ಪಾರ್ಸ್‌ಇಂಟ್)

ಮೂರು ದಿನವೂ "10" ಮಿಲಿಮೀಟರ್ ಬಿದ್ದಿದೆ ಅಂದುಕೊಳ್ಳಿ. ಉತ್ತರ 10, ನ್ಯಾನ್, 2. ನ್ಯಾನ್ ಅಂದರೆ "ಇದು ಸಂಖ್ಯೆಯಲ್ಲ" ಅಂತ ಜಾವಾಸ್ಕ್ರಿಪ್ಟ್ ಕೈ ಎತ್ತುವುದು. ಹೀಗಾಗಲು ಕಾರಣ ಇದೆ. ಮ್ಯಾಪ್ ನಿಮ್ಮ ಫಂಕ್ಷನ್ನಿಗೆ (ಒಂದನ್ನು ತೆಗೆದುಕೊಂಡು ಇನ್ನೊಂದು ಮಾಡಿ ಕೊಡುವ ಕೋಡಿನ ತುಂಡಿಗೆ) ಬೆಲೆ ಒಂದನ್ನೇ ಕೊಡುವುದಿಲ್ಲ, ಎರಡನೆಯದಾಗಿ ಇಂಡೆಕ್ಸನ್ನೂ ಕೊಡುತ್ತದೆ. ಪಾರ್ಸ್‌ಇಂಟ್ ಆ ಎರಡನೆಯದನ್ನು ಅಂಕಿಯ ಬುಡ (ಬೇಸ್, ಅಂದರೆ ಎಷ್ಟರ ಮಾನದ ಲೆಕ್ಕ) ಅಂತ ತಿಳಿಯುತ್ತದೆ. ಇಂಡೆಕ್ಸ್ ಸೊನ್ನೆ ಇದ್ದಾಗ ಮಾಮೂಲಿ ದಶಮಾನ, ಅದು ಸರಿ. ಒಂದರ ಬುಡ ಅಂತ ಒಂದಿಲ್ಲ, ನ್ಯಾನ್. ಎರಡರ ಬುಡದಲ್ಲಿ "10" ಅಂದರೆ ಎರಡು. ಲೆಕ್ಕ ಎಲ್ಲ ಸರಿಯೇ, ಮಳೆ ಮಾತ್ರ ತಪ್ಪು. ಅಲ್ಲದೆ ಪಾರ್ಸ್‌ಇಂಟ್ 86.4 ಅನ್ನು 86 ಮಾಡಿ ಬಿಡುತ್ತದೆ. ದಿನಕ್ಕೆ ಅಷ್ಟಷ್ಟು ಹೋದರೆ ಮಳೆಗಾಲದ ಕೊನೆಗೆ ಎಷ್ಟಾಯ್ತು?

ಪಾರ್ಸ್‌ಇಂಟ್ ಬದಲು ನಂಬರ್ ಅನ್ನುವ ಫಂಕ್ಷನ್ ಹಾಕಿದರೆ ಈ ಕಾಟ ಇಲ್ಲ. ಆದರೆ ಬೇರೆ ಕಾಟ ಇದೆ. ಖಾಲಿ ಅಕ್ಷರಸಾಲನ್ನು ನಂಬರಿಗೆ ಕೊಟ್ಟರೆ ಅದು ಸೊನ್ನೆ ಅನ್ನುತ್ತದೆ. ಅಪ್ಪಯ್ಯ ಸಾಗರದ ಮದುವೆಗೆ ಹೋದ ದಿನ ಜಡಿಮಳೆ ಹೊಯ್ದಿದ್ದರೂ, ಲೆಕ್ಕದಲ್ಲಿ ಬಿಸಿಲು. ಇದು ನನಗೆ ಮ್ಯಾಪ್ ತಮಾಷೆಗಿಂತ ಜಾಸ್ತಿ ಅಪಾಯ ಅನಿಸುತ್ತದೆ. ನ್ಯಾನ್ ಬಂದರೆ ಕಣ್ಣಿಗೆ ಹೊಡೆಯುತ್ತದೆ. ಸೊನ್ನೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಖಾಲಿ ಇದ್ದರೆ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು), ಇಲ್ಲದಿದ್ದರೆ ನಂಬರ್, ಅಂತ ನಾವೇ ಬಾಯಿಬಿಟ್ಟು ಬರೆಯಬೇಕು:

ಸಾಲು.ಮ್ಯಾಪ್(ಅ => ಅ.ಟ್ರಿಮ್() === "" ? ನಲ್ : ನಂಬರ್(ಅ))

ಕನ್ನಡ ಅಂಕಿಯ ಪುಟಗಳನ್ನು ನಾನು ಪುಸ್ತಕದಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿದ್ದೆ. ನಂಬರ್ ಫಂಕ್ಷನ್ನಿಗೆ "೮೬" ಕೊಟ್ಟರೆ ನ್ಯಾನ್. ಹೆಸರು ಕನ್ನಡದಲ್ಲಿಟ್ಟರೆ ಒಪ್ಪುತ್ತದೆ, ಅಂಕಿ ಕನ್ನಡದಲ್ಲಿದ್ದರೆ ಒಪ್ಪುವುದಿಲ್ಲ. ಇರಲಿ. ಇದಕ್ಕೆ ಅರೇಯ ದಾರಿ ಚೆನ್ನಾಗಿದೆ. ಅಕ್ಷರಸಾಲನ್ನು ಅರೇ.ಫ್ರಮ್‌ಗೆ ಕೊಟ್ಟರೆ ಒಂದೊಂದೇ ಅಕ್ಷರ ಬಿಡಿಸಿ ಅರೇ ಮಾಡುತ್ತದೆ. "೦೧೨೩೪೫೬೭೮೯" ಅನ್ನುವ ಸಾಲಿನಲ್ಲಿ ಆ ಅಕ್ಷರ ಎಷ್ಟನೆಯದು ಅಂತ ಇಂಡೆಕ್ಸ್‌ಆಫ್ ಹೇಳುತ್ತದೆ. ಅದೇ ಅದರ ಬೆಲೆ. ಸಾಲಿನಲ್ಲಿ ಇಲ್ಲದ್ದಾದರೆ, ಉದಾಹರಣೆಗೆ ಚುಕ್ಕಿ, -1 ಬರುತ್ತದೆ, ಆಗ ಅಕ್ಷರವನ್ನು ಹಾಗೇ ಬಿಡುವುದು. ಕೊನೆಗೆ ಜಾಯಿನ್ ಮಾಡಿ ಮತ್ತೆ ಒಂದು ಸಾಲು, ಅದನ್ನು ನಂಬರಿಗೆ. ಅಂಕಿಗಳಿಗೆ ಈ ಬಿಡಿಸುವ ಉಪಾಯ ನಡೆಯುತ್ತದೆ, ಪದಗಳಿಗೆ ಬೇಡ. "ಶಿವಮೊಗ್ಗ" ಅನ್ನು ಹೀಗೆ ಬಿಡಿಸಿದರೆ ಎಂಟು ತುಂಡು ಬರುತ್ತದೆ. ಗುಡಿಸು, ಒತ್ತಿನ ಹಲಂತ ಎಲ್ಲ ಬೇರೆ ಬೇರೆ.

ಇಂಚಿನ ಪುಟಗಳಲ್ಲಿ ಅಪ್ಪಯ್ಯ "3-42" ಅಂತ ಬರೆದಿದ್ದಾರೆ. ಮೂರು ಇಂಚು ನಲವತ್ತೆರಡು ಸೆಂಟ್. ತಮ್ಮ ಮೊದಲು ಗೆರೆ ತೆಗೆದು ಚುಕ್ಕಿ ಇಟ್ಟ, 25.4ರಿಂದ ಗುಣಿಸಿದ. 3-42ಕ್ಕೆ ಸರಿಯಾಗಿ 86.9 ಬಂತು. ಆದರೆ "3-5" ಅಂದರೆ ಮೂರು ಇಂಚು ಐದು ಸೆಂಟ್, ಅಂದರೆ 3.05. ಚುಕ್ಕಿ ಇಟ್ಟರೆ 3.5 ಆಗುತ್ತದೆ. 77.5 ಮಿಲಿಮೀಟರ್ ಹೋಗಿ 88.9 ಆಯ್ತು. ಇಲ್ಲಿ ಸ್ಪ್ಲಿಟ್ ಮಾಡಿ, ಬರುವ ಎರಡು ತುಂಡಿನ ಅರೇಯನ್ನು ನೇರವಾಗಿ ಎರಡು ಹೆಸರಿಗೆ ಹಂಚುವುದು ಒಳ್ಳೆಯದು:

[ಇಂಚು, ಸೆಂಟ್] = ಬರಹ.ಸ್ಪ್ಲಿಟ್("-").ಮ್ಯಾಪ್(ನಂಬರ್)

ಆಮೇಲೆ ಇಂಚಿಗೆ ಸೆಂಟಿನ ನೂರರಲ್ಲೊಂದು ಪಾಲು ಸೇರಿಸಿ 25.4ರಿಂದ ಗುಣಿಸಿ. ಎಡಗಡೆ ಆವರಣ ಹಾಕಿ ಹೆಸರಿಗೆ ಹಂಚುವ ಈ ಪದ್ಧತಿ ಜಾವಾಸ್ಕ್ರಿಪ್ಟಿನ 2015ರ ಆವೃತ್ತಿಯಲ್ಲಿ ಬಂತು. ನನಗೆ ಆ ವರ್ಷದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಯಾವುದು ಇಂಚು ಯಾವುದು ಸೆಂಟ್ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ.

ಅಂಕಿ ಸರಿಯಾಗಿ ಒಳಗೆ ಬಂದ ಮೇಲೆ ಪ್ರಶ್ನೆ ಕೇಳುವುದು ಸುಲಭ. ಫಿಲ್ಟರ್ ಬೇಕಾದ್ದನ್ನು ಆರಿಸಿ ಹೊಸ ಅರೇ ಕೊಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಅದು ಮಳೆ ದಿನ. 64.5ರಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲಕ್ಕೆ ಅತ್ಯಂತ ಭಾರಿ. ಮಳೆ ದಿನ ಎಷ್ಟು ಅಂತ ಬೇಕಾದರೆ:

ಜುಲೈ.ಫಿಲ್ಟರ್(ಮಿಮೀ => ಮಿಮೀ >= 2.5).ಲೆಂತ್

ನಮ್ಮ ಕಡೆ ಜುಲೈಗೆ ಇದನ್ನು ಕೇಳುವುದೇ ದಂಡ, ಹೆಚ್ಚುಕಡಿಮೆ ತಿಂಗಳೆಲ್ಲ ಬರುತ್ತದೆ. 115.6 ಹಾಕಿ ನೋಡಿದರೆ ಸ್ವಲ್ಪ ಸ್ವಾರಸ್ಯ. ಒಂದೇ ಒಂದು ದಿನವಾದರೂ 204.5 ದಾಟಿದೆಯಾ ಅಂತ ಮಾತ್ರ ಬೇಕಿದ್ದರೆ ಫಿಲ್ಟರ್ ಬೇಡ, ಸಮ್ (some, ಕೂಡಿಸುವ sum ಅಲ್ಲ) ಸಾಕು. ಅದು ಸಿಕ್ಕಿದ ಕೂಡಲೇ ನಿಲ್ಲುತ್ತದೆ, ಹೌದು ಅಥವಾ ಇಲ್ಲ ಅನ್ನುತ್ತದೆ. ಆ ದಿನವೇ ಬೇಕಿದ್ದರೆ ಫೈಂಡ್. ಫಿಲ್ಟರ್ ಮಾಡಿ ಮೊದಲನೆಯದನ್ನು ತೆಗೆಯುವವರು ಬಹಳ ಜನ ಇದ್ದಾರೆ. ತಪ್ಪಲ್ಲ, ಸುಮ್ನೆ ಸುತ್ತುಬಳಸು.

ಒಟ್ಟು ಮಳೆಗೆ ರಿಡ್ಯೂಸ್. ಅರೇಯಲ್ಲಿ ಇರುವುದನ್ನು ಒಂದೊಂದಾಗಿ ಸೇರಿಸುತ್ತಾ ಕೊನೆಗೆ ಒಂದೇ ಬೆಲೆ ಮಾಡುವುದು. ಇದನ್ನು ಕಂಡರೆ ಕಲಿಯುವವರು ಹೆದರುತ್ತಾರೆ, ಕಲಿತವರು ಎಲ್ಲದಕ್ಕೂ ಇದನ್ನೇ ಹಾಕುತ್ತಾರೆ. ಕೂಡಿಸುವುದಕ್ಕೆ ಇದು ಹೇಳಿ ಮಾಡಿಸಿದ್ದು:

ಜುಲೈ.ರಿಡ್ಯೂಸ್((ಒಟ್ಟು, ಮಿಮೀ) => ಒಟ್ಟು + ಮಿಮೀ, 0)

ಕೊನೆಯ ಆ ಸೊನ್ನೆ ಬಿಡಬೇಡಿ. ಬಿಟ್ಟರೂ ತುಂಬಿದ ಅರೇಯಲ್ಲಿ ಕೆಲಸ ನಡೆಯುತ್ತದೆ. ಖಾಲಿ ಅರೇ ಬಂದ ದಿನ ಎರರ್ ಎಸೆದು ಪೇಜೇ ನಿಲ್ಲುತ್ತದೆ. ಹೊಸ ತಿಂಗಳ ಒಂದನೇ ತಾರೀಖಿನ ಬೆಳಿಗ್ಗೆ, ಇನ್ನೂ ಏನೂ ಬರೆಯದೆ ಇದ್ದಾಗ, ಆಗುವುದು ಅದೇ. ಇನ್ನು ಸಂಖ್ಯೆಯಾಗಿ ಬದಲಿಸದೆ ಅಕ್ಷರವೇ ಉಳಿದಿದ್ದರೆ ಕೂಡಿಸುವ ಬದಲು ಅಂಟಿಸುತ್ತದೆ. "86.4" ಮತ್ತು "112" ಸೇರಿ "086.4112" ಆಗುತ್ತದೆ.

ನಲ್ ಇದ್ದ ದಿನ ಕೂಡಿಸುವಾಗ ಸೊನ್ನೆಯಂತೆ ನಡೆಯುತ್ತದೆ. ಒಟ್ಟು ಮಳೆಗೆ ತೊಂದರೆ ಇಲ್ಲ ಅನ್ನಿ, ಗೊತ್ತಿಲ್ಲದ್ದನ್ನು ಸೇರಿಸಿಲ್ಲ ಅಷ್ಟೆ. ಸರಾಸರಿ ಮಾಡುವಾಗ ಮಾತ್ರ ಭಾಗಿಸುವುದು ಅಳೆದ ದಿನಗಳಿಂದ, ತಿಂಗಳ ದಿನಗಳಿಂದ ಅಲ್ಲ. ಅಳೆದ ದಿನ ಯಾವುದು ಅಂತ ಆರಿಸಲು ಇಂಟರ್ನೆಟ್ ತುಂಬ ಒಂದು ಚಿಕ್ಕ ದಾರಿ ಸಿಗುತ್ತದೆ: ಫಿಲ್ಟರ್(ಬೂಲಿಯನ್). ನೋಡಲು ಚಂದ. ಆದರೆ ಅದಕ್ಕೆ ನಲ್ ಬೇಡ, ನ್ಯಾನ್ ಬೇಡ, ಸೊನ್ನೆಯೂ ಬೇಡ. ಮಳೆಯೇ ಬೀಳದ ದಿನಗಳನ್ನೆಲ್ಲ ಎತ್ತಿ ಹೊರಗೆ ಹಾಕುತ್ತದೆ. ಜುಲೈಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಕ್ಟೋಬರಿಗೆ ಹೋದರೆ ಮಲೆನಾಡೆಲ್ಲ ಆಗುಂಬೆ ಆಗಿರುತ್ತದೆ. ನಲ್ ಅಲ್ಲದ್ದು ಬೇಕು ಅಂತಲೇ ಬರೆಯಿರಿ, ನಾಲ್ಕು ಅಕ್ಷರ ಜಾಸ್ತಿ ಆದರೆ ಆಗಲಿ.

ಈಗ ಕ್ರಮವಾಗಿ ಜೋಡಿಸುವ ಸಾರ್ಟ್. ತಮ್ಮ ಒಂದು ಪೇಜ್ ಮಾಡಿದ್ದ. ಮೇಲೆ ಜುಲೈಯ ಗೆರೆ ಚಿತ್ರ, ಕೆಳಗೆ "ಅತಿ ಹೆಚ್ಚು ಮಳೆ ಬಂದ ದಿನಗಳು" ಅನ್ನುವ ಪಟ್ಟಿ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನೋಡಿದರು.

"ಎಂತ ಮಾರಾಯ ಇದು? ಒಂದನೇ ತಾರೀಖೇ ಅಷ್ಟು ಹೊಯ್ದು, ಆಮೇಲೆ ದಿನಾ ಇಳೀತಾ ಹೋಯ್ತಾ? ಯಾವ ಊರಿನ ಮಳೆ?"

ಗೆರೆ ನಿಜವಾಗಿ ಗುಡ್ಡದಿಂದ ಇಳಿದ ಹಾಗಿತ್ತು. ಆಗಿದ್ದು ಇಷ್ಟು. ಸಾರ್ಟ್ ಹೊಸ ಅರೇ ಕೊಡುವುದಿಲ್ಲ, ಇದ್ದ ಅರೇಯನ್ನೇ ಜಾಗ ಬದಲಿಸುತ್ತದೆ. ಜೊತೆಗೆ ಅದನ್ನೇ ವಾಪಸ್ ಕೊಡುವುದರಿಂದ ಹೊಸದು ಬಂದಿತು ಅನ್ನುವ ಭ್ರಮೆ. ಪಟ್ಟಿಗೆ ಅಂತ ಸಾರ್ಟ್ ಮಾಡಿದ್ದು, ಚಿತ್ರಕ್ಕೂ ಅದೇ ಅರೇ. ಅಂದರೆ ಪುಸ್ತಕವನ್ನು ನೋಡಿ ಬೇರೆ ಹಾಳೆಯಲ್ಲಿ ಬರೆದುಕೊಳ್ಳುವ ಬದಲು, ಪುಸ್ತಕದಲ್ಲೇ ಅಳಿಸಿ ತಿದ್ದಿದ ಹಾಗೆ.

ಅರೇ ಜೊತೆ ಕೆಲಸ ಮಾಡುವಾಗ ನಾನು ಮೊದಲು ನೋಡುವುದು ಇದೇ: ಈ ಮೆಥಡ್ ಪುಸ್ತಕಕ್ಕೆ ಕೈ ಹಾಕುತ್ತದೋ, ಬೇರೆ ಹಾಳೆ ಕೊಡುತ್ತದೋ. ಮ್ಯಾಪ್, ಫಿಲ್ಟರ್, ಸ್ಲೈಸ್, ಕಾನ್‌ಕ್ಯಾಟ್, ಫ್ಲಾಟ್ ಬೇರೆ ಹಾಳೆ. ಪುಶ್, ಪಾಪ್, ಶಿಫ್ಟ್, ಅನ್‌ಶಿಫ್ಟ್, ಸಾರ್ಟ್, ರಿವರ್ಸ್, ಫಿಲ್, ಸ್ಪ್ಲೈಸ್ ಪುಸ್ತಕಕ್ಕೇ ಕೈ. ಸ್ಲೈಸ್ ಮತ್ತು ಸ್ಪ್ಲೈಸ್ ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಎರಡು ಬೇರೆ ಪಕ್ಷಕ್ಕೆ ಸೇರಿರುವುದು ಯಾರ ತಲೆಗೆ ಹೊಳೆಯಿತೋ. ಸ್ಲೈಸ್(5, 8) ಅಂದರೆ ಐದನೇ ಇಂಡೆಕ್ಸಿನಿಂದ ಎಂಟರ ಹಿಂದಿನವರೆಗೆ, ಮೂರು ದಿನದ ನಕಲು. ಸ್ಪ್ಲೈಸ್(5, 8) ಅಂದರೆ ಐದರಿಂದ ಶುರು ಮಾಡಿ ಎಂಟು ದಿನವನ್ನು ಕಿತ್ತು ಹಾಕುವುದು.

ಕಾನ್ಸ್ಟ್ ಅಂತ ಬರೆದರೆ ಅರೇ ಬದಲಾಗುವುದಿಲ್ಲ ಅಂತ ನಂಬಿದವರೂ ಇದ್ದಾರೆ. ಕಾನ್ಸ್ಟ್ ಕಾಯುವುದು ಹೆಸರನ್ನು ಮಾತ್ರ. ಒಳಗಿನದಕ್ಕೆ ಪುಶ್ ಮಾಡಿ, ಸಾರ್ಟ್ ಮಾಡಿ, ಅದಕ್ಕೆ ಸಂಬಂಧವೇ ಇಲ್ಲ.

ಸಾರ್ಟಿನ ಇನ್ನೊಂದು ಗುಣ ಇದಕ್ಕಿಂತ ವಿಚಿತ್ರ. ಹೇಗೆ ಹೋಲಿಸಬೇಕು ಅಂತ ಹೇಳದಿದ್ದರೆ ಎಲ್ಲವನ್ನೂ ಅಕ್ಷರ ಮಾಡಿಕೊಂಡು ಹೋಲಿಸುತ್ತದೆ. 100, 65, 9, 70 ಕೊಟ್ಟರೆ 100, 65, 70, 9 ಅಂತ ಬರುತ್ತದೆ. ಒಂದಕ್ಕಿಂತ ಆರು ದೊಡ್ಡದು, ಅಲ್ಲಿಗೆ ಮುಗಿಯಿತು. ಅದಕ್ಕೇ (ಎ, ಬಿ) => ಎ - ಬಿ ಅಂತ ಕೊಡಬೇಕು. ದೊಡ್ಡದು ಮೊದಲು ಬೇಕಿದ್ದರೆ ಬಿ - ಎ. ಕೆಲವರು ಎ > ಬಿ ಅಂತ ಬರೆಯುತ್ತಾರೆ. ಅದರಿಂದ ಹೌದು ಅಥವಾ ಇಲ್ಲ ಬರುತ್ತದೆ, ಅಂದರೆ 1 ಅಥವಾ 0. ಎ ಮೊದಲು ಬರಬೇಕು ಅಂತ ಹೇಳುವ ಋಣ ಸಂಖ್ಯೆ ಬರುವುದೇ ಇಲ್ಲ. ಸಣ್ಣ ಅರೇಯಲ್ಲಿ ಹೇಗೋ ಸರಿಹೋಯಿತು ಅನಿಸಿದರೂ ನಂಬಬೇಡಿ.

ಊರಿನ ಹೆಸರು ಸಾರ್ಟ್ ಮಾಡುವಾಗ ನಮ್ಮದೇ ಒಂದು ತಾಪತ್ರಯ ಇದೆ. ಯೂನಿಕೋಡಿನಲ್ಲಿ ಳ ಅಕ್ಷರಕ್ಕೆ ಲ ಪಕ್ಕದಲ್ಲಿ, ವ ಹಿಂದೆ ಜಾಗ ಕೊಟ್ಟಿದ್ದಾರೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಹಾಗಾಗಿ ಸುಮ್ನೆ ಸಾರ್ಟ್ ಮಾಡಿದರೆ ಕಳಸ ಮೊದಲು, ಕವಲೇದುರ್ಗ ಆಮೇಲೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ತಿರುಗಾಮುರುಗಾ. ಹೆಸರುಗಳಿಗೆ ಇಂಟ್ಲ್.ಕೊಲೇಟರ್ ಬಳಸಿ, ಭಾಷೆ ಕನ್ನಡ ಅಂತ ಹೇಳಿ. ಭಾಷೆಯ ಪ್ರಕಾರ ಹೋಲಿಸುವುದಕ್ಕೇ ಇರುವುದು ಅದು.

ತಮ್ಮನ ಪೇಜಿಗೆ ಪರಿಹಾರ ಮೂರು ಚುಕ್ಕಿ:

[...ಜುಲೈ].ಸಾರ್ಟ್((ಎ, ಬಿ) => ಬಿ - ಎ)

ಆ ಮೂರು ಚುಕ್ಕಿ ಒಳಗಿನದನ್ನೆಲ್ಲ ಹೊಸ ಅರೇಗೆ ಸುರಿಯುತ್ತದೆ. ಸಾರ್ಟ್ ಹೊಸದನ್ನು ಕದಡುತ್ತದೆ, ಹಳೆಯದು ಹಾಗೇ ಇರುತ್ತದೆ. 2023ರ ಆವೃತ್ತಿಯಲ್ಲಿ ಇದಕ್ಕಾಗಿಯೇ ಟುಸಾರ್ಟೆಡ್, ಟುರಿವರ್ಸ್ಡ್, ಟುಸ್ಪ್ಲೈಸ್ಡ್ ಬಂದವು. ಮೂಲ ಮುಟ್ಟದೆ ಹೊಸದು ಕೊಡುವುದು. ಮ್ಯಾಪ್, ಫಿಲ್ಟರ್, ರಿಡ್ಯೂಸ್ ಎಲ್ಲ 2009ರ ಐದನೇ ಆವೃತ್ತಿಯಲ್ಲೇ ಬಂದಿದ್ದವು. ಮೂಲ ಮುಟ್ಟದ ಸಾರ್ಟಿಗೆ ಹದಿನಾಲ್ಕು ವರ್ಷ ಕಾಯಬೇಕಾಯಿತು ನೋಡಿ.

ಮೂರು ಚುಕ್ಕಿಯ ನಕಲು ಮೇಲುಮೇಲಿನದು ಅನ್ನುವುದು ನೆನಪಿರಲಿ. ಅಂಕಿಗಳ ಅರೇಗೆ ಚಿಂತೆ ಇಲ್ಲ. ಆದರೆ ನಾವು ಆಮೇಲೆ ಒಂದೊಂದು ದಿನಕ್ಕೂ ತಾರೀಖು, ಮಿಮೀ, ಷರಾ ಮೂರೂ ಸೇರಿಸಿ ಆಬ್ಜೆಕ್ಟ್ ಮಾಡಿದೆವು. ಆಗ ಅರೇ ಎರಡು ಇದ್ದರೂ ಒಳಗಿನ ದಿನಗಳು ಅವೇ. ಒಂದು ಕಡೆ ದಿನದ ಮಿಮೀ ತಿದ್ದಿದರೆ ಇನ್ನೊಂದು ಕಡೆಯೂ ತಿದ್ದಿ ಹೋಗುತ್ತದೆ. ಪೂರ್ತಿ ಬೇರೆ ನಕಲು ಬೇಕಿದ್ದರೆ ಸ್ಟ್ರಕ್ಚರ್ಡ್‌ಕ್ಲೋನ್ ಇದೆ.

ಇದೇ ಜಾತಿಯ ಇನ್ನೊಂದು ತಮಾಷೆ. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಖಾಲಿ ಅರೇ ಬೇಕು ಅಂತ ಅರೇ(12).ಫಿಲ್([]) ಬರೆದರೆ ಹನ್ನೆರಡು ಅರೇ ಸಿಗುವುದಿಲ್ಲ. ಒಂದೇ ಅರೇಯನ್ನು ಹನ್ನೆರಡು ಕಡೆ ತೋರಿಸಿದ ಹಾಗೆ. ಜೂನಿಗೆ ಪುಶ್ ಮಾಡಿದ ಮಳೆ ಜನವರಿಯಲ್ಲೂ ಬೀಳುತ್ತದೆ. ಅರೇ.ಫ್ರಮ್‌ಗೆ ಉದ್ದ 12 ಅಂತ ಕೊಟ್ಟು, ಪ್ರತಿ ಸಲವೂ ಹೊಸ ಖಾಲಿ ಅರೇ ಕೊಡುವ ಫಂಕ್ಷನ್ ಜೊತೆಗಿಟ್ಟರೆ ಸರಿ.

ಇಷ್ಟೆಲ್ಲ ಆದ ಮೇಲೆ ಅಪ್ಪಯ್ಯ ಪೇಜ್ ನೋಡಿ, "ತಿಂಗಳ ಲೆಕ್ಕ ಯಾರಿಗೆ ಬೇಕು? ಮಳೆ ನಕ್ಷತ್ರದ ಲೆಕ್ಕ ಕೊಡು" ಅಂದರು. ಸರಿಯಾದ ಮಾತು. ನಮ್ಮಲ್ಲಿ ಜುಲೈ ಮಳೆ ಅಂತ ಯಾರೂ ಹೇಳುವುದಿಲ್ಲ. ಆರಿದ್ರಾ ಹೇಗೆ, ಪುಷ್ಯ ಹೇಗೆ ಅಂತಲೇ ಮಾತು. ಸೂರ್ಯ ಒಂದು ನಕ್ಷತ್ರದಲ್ಲಿ 13ರಿಂದ 14 ದಿನ ಇರುತ್ತಾನೆ. ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರಾ, ಜುಲೈ 6ರ ಸುಮಾರಿಗೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ. ವರ್ಷದಿಂದ ವರ್ಷಕ್ಕೆ ಒಂದು ದಿನ ಹಿಂದೆ ಮುಂದೆ ಆಗುತ್ತದೆ, ಆಯಾ ವರ್ಷದ ಪಂಚಾಂಗ ನೋಡಿ ಹಾಕಿದೆವು.

ನಕ್ಷತ್ರಗಳ ಒಂದು ಅರೇ, ಶುರುವಾಗುವ ದಿನದ ಕ್ರಮದಲ್ಲಿ. ದಿನವನ್ನು "07-06" ಅಂತ ತಿಂಗಳು ಮೊದಲು ಬರೆದರೆ ಅಕ್ಷರದ ಹೋಲಿಕೆಯೂ ಸರಿಯಾಗಿಯೇ ಬರುತ್ತದೆ. ಸಾರ್ಟಿನಲ್ಲಿ ಕಾಟ ಕೊಟ್ಟ ಗುಣವೇ ಇಲ್ಲಿ ಉಪಯೋಗ. ಜುಲೈ 12 ಯಾವ ನಕ್ಷತ್ರ? ಅವತ್ತಿಗೆ ಆಗಲೇ ಶುರುವಾದ ನಕ್ಷತ್ರಗಳಲ್ಲಿ ಕೊನೆಯದು. ಅದಕ್ಕೆ ಫೈಂಡ್‌ಲಾಸ್ಟ್, ಹಿಂದಿನಿಂದ ಹುಡುಕುತ್ತಾ ಬರುವುದು:

ನಕ್ಷತ್ರಗಳು.ಫೈಂಡ್‌ಲಾಸ್ಟ್(ನ => ನ.ಶುರು <= ದಿನ.ತಾರೀಖು)

ಪುನರ್ವಸು ಸಿಗುತ್ತದೆ. ಫೈಂಡ್‌ಲಾಸ್ಟ್ ಯಾವ ಕೆಲಸಕ್ಕೆ ಅಂತ ಕೇಳುವವರಿಗೆ ನಾನು ಈಗ ಈ ಉದಾಹರಣೆ ಕೊಡುತ್ತೇನೆ. ಮೇ ತಿಂಗಳ ಮಳೆಯನ್ನೂ ಸೇರಿಸುವುದಾದರೆ ಮೃಗಶಿರಕ್ಕಿಂತ ಹಿಂದಿನ ರೋಹಿಣಿ, ಕೃತ್ತಿಕಾ, ಭರಣಿ ಕೂಡ ಅರೇಯಲ್ಲಿ ಇರಬೇಕು. ಇಲ್ಲದಿದ್ದರೆ ಏನೂ ಸಿಗಲಿಲ್ಲ ಅನ್ನುವ ಅನ್‌ಡಿಫೈನ್ಡ್ ಬರುತ್ತದೆ.

ಆಮೇಲೆ ಗುಂಪು ಮಾಡುವುದು. ಮೊದಲೆಲ್ಲ ಇದಕ್ಕೆ ರಿಡ್ಯೂಸಿನಲ್ಲಿ ಐದಾರು ಸಾಲು ಬರೆಯುತ್ತಿದ್ದೆವು. 2024ರ ಆವೃತ್ತಿಯಲ್ಲಿ ಆಬ್ಜೆಕ್ಟ್.ಗ್ರೂಪ್‌ಬೈ ಬಂದಿದೆ. ದಿನಗಳನ್ನು ಕೊಟ್ಟು, ನಕ್ಷತ್ರದ ಹೆಸರು ಹೇಳುವ ಫಂಕ್ಷನ್ ಕೊಟ್ಟರೆ, ಪುನರ್ವಸು ಅನ್ನುವ ಹೆಸರಿನ ಕೆಳಗೆ ಆ ದಿನಗಳ ಅರೇ, ಪುಷ್ಯದ ಕೆಳಗೆ ಅದರ ಅರೇ. ಅರೇ ಮೇಲಿನ ಮೆಥಡ್ ಆಗದೆ ಆಬ್ಜೆಕ್ಟ್ ಪಾಲಿಗೆ ಹೋಗಿದ್ದಕ್ಕೆ ಕಾರಣ ಹಳೆಯ ವೆಬ್‌ಸೈಟುಗಳು. ಒಂದು ಹಳೆಯ ಲೈಬ್ರರಿ (ಬೇರೆಯವರು ಬಳಸಲಿ ಅಂತ ಬರೆದಿಟ್ಟ ಸಿದ್ಧ ಕೋಡ್) ಅದೇ ಹೆಸರನ್ನು ಅರೇಗೆ ಮೊದಲೇ ಅಂಟಿಸಿಟ್ಟಿತ್ತು. ಭಾಷೆಯೇ ಆ ಹೆಸರು ತಂದರೆ ಆ ಸೈಟುಗಳು ಮುರಿಯುತ್ತವೆ. ಇಂಥದ್ದು ಮೊದಲೂ ಆಗಿತ್ತು. ಅರೇಯೊಳಗಿನ ಅರೇಗಳನ್ನು ಬಿಡಿಸಿ ಒಂದೇ ಅರೇ ಮಾಡುವ, 2018ರಲ್ಲಿ ಫ್ಲಾಟನ್ ಅಂತ ಇಡಬೇಕಿದ್ದ ಮೆಥಡ್ ಮೂಟೂಲ್ಸ್ ಲೈಬ್ರರಿಗೆ ಹೆದರಿ ಫ್ಲಾಟ್ ಆಯಿತು. ನಡುವೆ "ಸ್ಮೂಶ್" ಅಂತ ಇಡೋಣ ಅಂತ ಯಾರೋ ತಮಾಷೆ ಮಾಡಿದ್ದು ದೊಡ್ಡ ಗಲಾಟೆಯೇ ಆಗಿಹೋಯಿತು. ಇನ್‌ಕ್ಲೂಡ್ಸ್ (ಒಂದು ಬೆಲೆ ಅರೇಯಲ್ಲಿ ಇದೆಯಾ ಅಂತ ಹೇಳುವುದು) ಕೂಡ ಮೊದಲು ಕಂಟೇನ್ಸ್ ಅಂತ ಇರಬೇಕಿತ್ತು. ಅದಕ್ಕೂ ಅಡ್ಡ ಬಂದಿದ್ದು ಮೂಟೂಲ್ಸೇ.

ನಕ್ಷತ್ರದ ಪಟ್ಟಿ ನೋಡಿ ಅಪ್ಪಯ್ಯ ಖುಷಿಯಾದರು. ಖುಷಿಯಾದ ಮೇಲೆ ನಿಜವಾದ ಪ್ರಶ್ನೆ ಬಂತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದಕ್ಕೆ ಹೊಳವು (ಮಳೆ ಬಿಟ್ಟ ಬಿಡುವು) ಯಾವಾಗ ಸಿಕ್ಕಿತ್ತು, ಪ್ರತಿ ವರ್ಷ? ಅಡಿಕೆ ಇರುವವರಿಗೆ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದರೂ 40, 45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಆಗ ಜುಲೈ ಕೊನೆ, ಆಗಸ್ಟ್. ಮರ ಒಣಗಿರಬೇಕು, ಮರ ಹತ್ತುವ ಕೊನೆಗಾರ ಸಿಗಬೇಕು, ಎರಡೂ ಒಂದೇ ದಿನ ಆಗಬೇಕು. ಮಳೆ ಬಿಟ್ಟ ದಿನಗಳು ಸಾಲಾಗಿ ಎಲ್ಲಿ ಸಿಕ್ಕಿವೆ ಅನ್ನುವುದು ಅವರಿಗೆ ಬೇಕಾದ ಲೆಕ್ಕ.

ತಮ್ಮ ತಕ್ಷಣ ರಿಡ್ಯೂಸ್ ಬರೆಯಲು ಕೂತ. ನಾನು ಬೇಡ ಅಂದೆ. ಸಾಲಾಗಿ ಬರುವುದನ್ನು ಎಣಿಸುವುದಕ್ಕೆ ಒಂದೊಂದಾಗಿ ನೋಡುತ್ತಾ ಹೋಗುವ ಹಳೆಯ ಲೂಪಿನಷ್ಟು ಸಲೀಸು ಬೇರೆ ಇಲ್ಲ. ಒಂದು ಎಣಿಕೆ ಇಟ್ಟುಕೊಳ್ಳುವುದು, ಒಣ ದಿನ ಬಂದರೆ ಒಂದು ಏರಿಸುವುದು, ಮಳೆ ದಿನ ಬಂದರೆ ಅಲ್ಲಿಯವರೆಗಿನದನ್ನು ಬರೆದು ಸೊನ್ನೆ ಮಾಡುವುದು. ಅರೇ ಮುಗಿದ ಮೇಲೆ ಕೈಯಲ್ಲಿ ಉಳಿದ ಎಣಿಕೆಯನ್ನೂ ಬರೆಯುವುದು. ರಿಡ್ಯೂಸಿನಲ್ಲೂ ಆಗುತ್ತದೆ, ಆದರೆ ಆರು ತಿಂಗಳ ಮೇಲೆ ಓದಿದರೆ ಯಾರಿಗೂ ತಿಳಿಯುವುದಿಲ್ಲ. ಫಾರ್‌ಈಚ್ ಕೂಡ ಬೇಡ. ಮೊದಲ ಹೊಳವು ಸಿಕ್ಕಿದ ಕೂಡಲೇ ನಿಲ್ಲಿಸೋಣ ಅಂದರೆ ಅದರೊಳಗೆ ಬ್ರೇಕ್ ನಡೆಯುವುದಿಲ್ಲ. ಫಾರ್ ಆಫ್ ಲೂಪಿನಲ್ಲಿ ನಡೆಯುತ್ತದೆ.

ಒಣ ದಿನ ಅಂದರೆ 2.5ಕ್ಕಿಂತ ಕಡಿಮೆ ಅಂತ ಇಟ್ಟಿದ್ದೆವು, ಇಲಾಖೆಯ ಲೆಕ್ಕದಂತೆ. ಅಪ್ಪಯ್ಯ ಒಪ್ಪಲಿಲ್ಲ. "ಎರಡು ಮಿಲಿಮೀಟರ್ ಬಿದ್ರೂ ಹೊಡೆದ ಮದ್ದು ತೊಳ್ದು ಹೋಗ್ತದೆ ಮಾರಾಯ್ತಿ. ಇಲಾಖೆಯೋರು ಮರ ಹತ್ತಿದಾರಾ?" ಸರಿ, ಸೊನ್ನೆ ಮಾತ್ರ ಒಣ ಅಂತ ಮಾಡಿದೆವು.

ಅದರಿಂದ ಗೊತ್ತಿಲ್ಲದೆ ಇನ್ನೊಂದು ಉಪಕಾರವೂ ಆಯಿತು. ನಲ್ < 2.5 ಅಂತ ಕೇಳಿದರೆ ಜಾವಾಸ್ಕ್ರಿಪ್ಟ್ ಹೌದು ಅನ್ನುತ್ತದೆ, ಯಾಕೆಂದರೆ ಹೋಲಿಸುವಾಗ ನಲ್ ಸೊನ್ನೆಯಾಗುತ್ತದೆ. ಅಳೆಯದ ದಿನವೂ ಹೊಳವಾಗಿಬಿಡುತ್ತದೆ. ಅದೇ ನಲ್ === 0 ಅಂದರೆ ಇಲ್ಲ ಅನ್ನುತ್ತದೆ. ಅನ್‌ಡಿಫೈನ್ಡ್ ಆಗಿದ್ದರೆ ಎರಡಕ್ಕೂ ಇಲ್ಲ. ಎವ್ರಿ ಬಳಸಿದರೂ ಇಂಥದೇ ಒಂದು ಹೊಂಡ ಇದೆ. ಖಾಲಿ ಅರೇಗೆ "ಎಲ್ಲ ದಿನವೂ ಒಣಗಿತ್ತಾ?" ಅಂದರೆ ಎವ್ರಿ ಹೌದು ಅನ್ನುತ್ತದೆ. ಒಂದು ದಿನವೂ ಇಲ್ಲದ ಮೇಲೆ ಸುಳ್ಳು ಹೇಳುವ ದಿನ ಎಲ್ಲಿಂದ ಬರಬೇಕು? ತರ್ಕಕ್ಕೆ ಸರಿ, ತೋಟಕ್ಕೆ ಅಲ್ಲ. ಪುಸ್ತಕದಲ್ಲಿ ಪುಟವೇ ಹರಿದುಹೋದ ಒಂದು ಆಗಸ್ಟ್ ಇದೆ. ಅದಕ್ಕೆ ಮೊದಲು ಲೆಂತ್ ನೋಡಿ ಆಮೇಲೆ ಎವ್ರಿ.

ಪೇಜ್ ಈಗ ನಡೆಯುತ್ತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಟುಸಾರ್ಟೆಡ್, ಫೈಂಡ್‌ಲಾಸ್ಟ್, ಗ್ರೂಪ್‌ಬೈ ಎಲ್ಲ ಚೆನ್ನಾಗಿ ಓಡಿದವು. ಟುಸಾರ್ಟೆಡ್ ಕ್ರೋಮ್ 110ರಿಂದ ಇದೆ, ಗ್ರೂಪ್‌ಬೈ 117ರಿಂದ. ಪಕ್ಕದ ಮನೆ ದೊಡ್ಡಪ್ಪನ ಫೋನಿನ ಬ್ರೌಸರ್ ಅದಕ್ಕಿಂತ ಹಳೆಯದು, ಅಪ್‌ಡೇಟೂ ಬರುವುದಿಲ್ಲ. ಅಲ್ಲಿ ಪೇಜ್ ಬಿಳಿ ಹಾಳೆ. ಹಾಗಾಗಿ ಟುಸಾರ್ಟೆಡ್ ಇದ್ದ ಕಡೆ ಮೂರು ಚುಕ್ಕಿ ಮತ್ತು ಸಾರ್ಟ್, ಗ್ರೂಪ್‌ಬೈ ಇದ್ದ ಕಡೆ ಹಳೆಯ ಲೂಪ್. ಫೈಂಡ್‌ಲಾಸ್ಟ್ ಬದಲು ನಕ್ಷತ್ರಗಳ ನಕಲನ್ನು ತಿರುಗಿಸಿ ಫೈಂಡ್. ನಕಲನ್ನು ಅಂದೆ, ರಿವರ್ಸ್ ಕೂಡ ಮೂಲವನ್ನೇ ತಿರುಗಿಸುವ ಪೈಕಿ. ದೊಡ್ಡಪ್ಪನಿಗೆ ಈಗ ಪೇಜ್ ಕಾಣುತ್ತದೆ. ಅಂಕಿ ನೋಡಿ ಅವರು ಹೇಳಿದ್ದು, "ನಿಮ್ಮನೆ ಮಾಪಕ ಯಾವಾಗ್ಲೂ ಸ್ವಲ್ಪ ಕಮ್ಮಿನೇ ತೋರಿಸೋದು" ಅಂತ.